ಅಡ್ಡ ನಿಂತವರೇ ಅನ್ನ ಹಾಕಿದವರು

ಜೊತೆಯಲ್ಲೇ ಬೆಳೆದ ಇಬ್ಬರು ಪ್ರೀತಿಸುವ ಕಾದಂಬರಿಗಳ ಮೇಲೆ ನನ್ನದೊಂದು ಹಳೇ ತಕರಾರಿದೆ. ಬಾಲ್ಯವನ್ನು ಒಂದೇ ಅಧ್ಯಾಯದಲ್ಲಿ ಮುಗಿಸಿಬಿಡುತ್ತಾರೆ. ಮಾವಿನಕಾಯಿ ಕದ್ದರು, ಜಗಳ ಆಡಿದರು, ಮಳೆಯಲ್ಲಿ ನೆನೆದರು, ಅಷ್ಟೇ. ಮುಂದಿನ ಪುಟದಲ್ಲಿ ‘ಹನ್ನೆರಡು ವರ್ಷಗಳ ನಂತರ’ ಅಂತ ಒಂದು ಸಾಲು. ಅವನು ಗಡ್ಡ ಬಿಟ್ಟುಕೊಂಡು ಕಾರಿನಿಂದ ಇಳಿಯುತ್ತಾನೆ, ಅವಳ ಕೈಯಲ್ಲಿದ್ದ ತಟ್ಟೆ ಬೀಳುತ್ತದೆ. ಅಲ್ಲ, ಹೀಗೇ ಆಗುವುದಾದರೆ ಅವರು ಜೊತೆಗೆ ಬೆಳೆಯುವ ಅಗತ್ಯ ಏನಿತ್ತು? ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದರೂ ನಡೆಯುತ್ತಿತ್ತು.

ಇಂಥ ಕಾದಂಬರಿಗಳನ್ನು ಕೀಳಾಗಿ ನೋಡುವವಳಲ್ಲ ನಾನು. ಮುಂಬೈಯ ಪರೇಲಿನಲ್ಲಿ, ವಠಾರದಂಥ ಒಂದು ಚಾಳ್‌ನಲ್ಲಿ ಧಾರಾವಾಹಿ ಓದುತ್ತಲೇ ದೊಡ್ಡವಳಾದವಳು. ಒಂದು ‘ಸುಧಾ’, ಒಂದು ‘ತರಂಗ’ ಮನೆಗಳ ಮುಂದಿನ ಇಡೀ ಗ್ಯಾಲರಿ ಸುತ್ತಿ ಬರುತ್ತಿತ್ತು. ಕೊನೆಗೆ ನಮ್ಮ ಮನೆಗೆ ಬಂದಾಗ ಅಮ್ಮ ಧಾರಾವಾಹಿಯ ಪುಟಗಳನ್ನು ಬಿಡಿಸಿ ಎತ್ತಿಡುತ್ತಿದ್ದರು. ಕಥೆ ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿದರೆ ಪುಸ್ತಕ ತಯಾರು. ಲಕ್ಷ್ಮೀ ದೇವಿಯ ಚಿತ್ರದ ಹಿಂದೆ ಎಂಥೆಂಥ ಕಳ್ಳ ಪ್ರೇಮಗಳಿದ್ದವೋ! ಈಗ ಡೊಂಬಿವಲಿಯಿಂದ ಬರುವ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ಜೋತುಕೊಂಡು, ಮೊಬೈಲ್‌ನಲ್ಲಿ ಕಂತು ಓದುತ್ತೇನೆ. ಚಟ ಅದೇ, ತಕರಾರೂ ಅದೇ.

ನನ್ನ ಮಗಳು ಮನಃಶಾಸ್ತ್ರ ಓದುತ್ತಿದ್ದಾಳೆ. ಅವಳ ಪ್ರಕಾರ ಈ ಕಥೆಯೇ ಕಷ್ಟದ್ದು. 1891ರಲ್ಲೇ ವೆಸ್ಟರ್‌ಮಾರ್ಕ್ ಅನ್ನುವ ಫಿನ್ಲೆಂಡಿನ ವಿದ್ವಾಂಸ ಹೇಳಿದ್ದನಂತೆ, ಚಿಕ್ಕಂದಿನಿಂದ ಒಂದೇ ಮನೆಯಲ್ಲಿ ಬೆಳೆದವರಿಗೆ ದೊಡ್ಡವರಾದ ಮೇಲೆ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲ ಅಂತ. ಇಸ್ರೇಲಿನ ಸಾಮೂಹಿಕ ಹಳ್ಳಿಗಳಾದ ಕಿಬುಟ್ಜ್‌ಗಳಲ್ಲಿ ಮಕ್ಕಳನ್ನು ಗುಂಪಾಗಿ ಬೆಳೆಸುತ್ತಿದ್ದರು. ಅಲ್ಲಿ ಬೆಳೆದವರ 2,700ಕ್ಕೂ ಹೆಚ್ಚು ಮದುವೆಗಳನ್ನು ಜೋಸೆಫ್ ಶೆಫರ್ ಎಂಬವರು ಪರಿಶೀಲಿಸಿದರು. ಹುಟ್ಟಿನಿಂದ ಆರು ವರ್ಷದವರೆಗೆ ಪೂರ್ತಿ ಒಂದೇ ಗುಂಪಿನಲ್ಲಿದ್ದವರು ಮದುವೆಯಾದ ಒಂದು ಉದಾಹರಣೆಯೂ ಅವರಿಗೆ ಸಿಗಲಿಲ್ಲ. 1971ರಲ್ಲಿ ಬಂದ ಅಧ್ಯಯನ ಅದು. ಮಗಳು ಇಷ್ಟು ಹೇಳಿ ‘ನಿನ್ನ ಕಾದಂಬರಿಗಳೆಲ್ಲ ಸುಳ್ಳು ಬಿಡಮ್ಮ’ ಅಂದಳು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ಇನ್ನಿಬ್ಬರು ಸಂಶೋಧಕರು ಅದೇ ಥರ ಬೆಳೆದವರನ್ನು ಕೂರಿಸಿ ಮಾತಾಡಿಸಿದ್ದಾರೆ. ಆಗ ಎಷ್ಟೋ ಜನ ಒಪ್ಪಿಕೊಂಡರಂತೆ, ‘ಆಸೆ ಇತ್ತು, ಆದರೆ ಬಾಯಿ ಬಿಡಲಿಲ್ಲ’ ಅಂತ. ಗುಂಪು ಏನನ್ನುತ್ತದೋ ಎಂಬ ಅಂಜಿಕೆ. ನೋಡಿ, ಕಾದಂಬರಿ ಇರುವುದೇ ಇಲ್ಲಿ. ಮದುವೆಯ ಲೆಕ್ಕದಲ್ಲಿ ಕಾಣಿಸದೇ ಹೋದದ್ದು. ಮಗಳಿಗೆ ಹೇಳಿದೆ. ಅವಳು ನಕ್ಕಳು.

ಹಾಗಾಗಿ ಬರೆಯುವವರ ಮುಂದೆ ಒಂದು ನಿಜವಾದ ಕಷ್ಟ ಇದೆ. ದಿನಾ ನೋಡುವ ಮುಖ ಯಾವತ್ತು ಬೇರೆಯಾಯಿತು? ಇದಕ್ಕೆ ನಡುವೆ ಒಂದು ಅಗಲಿಕೆ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಅಮೆರಿಕ ಬೇಡ. ಮುಂಬೈಯ ನಮ್ಮ ಕರಾವಳಿ ಜನರ ಬದುಕಲ್ಲಿ ಅಗಲಿಕೆ ಬೇಕಾದಷ್ಟಿದೆ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ನಿಂತರು. ಮಿಲ್ ನಿಂತಿತು ಅಂದರೆ ಆಸುಪಾಸಿನ ಹೋಟೆಲಿನ ಚಹಾ, ಬನ್ಸ್ ಕೂಡ ನಿಂತಿತು. ಎಷ್ಟು ಮನೆಗಳವರು ಹೆಂಡತಿ ಮಕ್ಕಳನ್ನು ಊರಿನ ಬಸ್ ಹತ್ತಿಸಿದರು! ಗ್ಯಾಲರಿಯಲ್ಲಿ ಒಟ್ಟಿಗೆ ಗೋಲಿ ಆಡಿದವರು ಒಂದು ವಾರದಲ್ಲಿ ಚೆಲ್ಲಾಪಿಲ್ಲಿ. ಕಾಗದ ಬರೆಯೋಣ ಅಂದರೆ ಇನ್‌ಲ್ಯಾಂಡ್ ಲೆಟರ್ ಮನೆಗೆ ಬಂದರೆ ಎಲ್ಲರೂ ಓದುವ ಸೊತ್ತು. ಅದರಲ್ಲಿ ‘ಎಲ್ಲರನ್ನೂ ಕೇಳಿದ್ದೇನೆ ಎಂದು ತಿಳಿಸಿ’ ಅಂತ ಬರೆಯಬಹುದು. ಆ ‘ಎಲ್ಲರ’ ಒಳಗೆ ಒಬ್ಬರನ್ನು ಅಡಗಿಸಬೇಕು.

ಇಬ್ಬರಿಗೂ ಇಪ್ಪತ್ತಾದ ಮೇಲೆ ಅವಳು ಡಿಗ್ರಿ ಮುಗಿಸಿ ಚಾಳ್‌ಗೆ ವಾಪಸ್ ಬರುತ್ತಾಳೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೆ ನಳದಲ್ಲಿ ನೀರು. ಮೊದಲೆಲ್ಲ ಅವಳ ಬಾಲ್ದಿಯನ್ನು ಕಾಲಿನಿಂದ ತಳ್ಳಿ ತನ್ನದು ಇಡುತ್ತಿದ್ದವನು ಅವನು. ಇವತ್ತು ಸುಮ್ನೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ‘ನೀವು ತುಂಬಿಸಿಕೊಳ್ಳಿ’ ಅನ್ನುತ್ತಾನೆ. ನೀನು ಅನ್ನುತ್ತಿದ್ದವನು! ಅವಳಿಗೆ ಸಿಟ್ಟು ಬರುತ್ತದೆ, ಯಾಕೆ ಅಂತ ಅವಳಿಗೇ ಗೊತ್ತಾಗುವುದಿಲ್ಲ. ತಟ್ಟೆ ಬೀಳಿಸುವುದಕ್ಕಿಂತ ನನಗೆ ಈ ಬಾಲ್ದಿ ಸಾಕು. ಇಷ್ಟು ನಿಧಾನಕ್ಕೆ ಹೋಗಬೇಕು. ಹಾಗಂತ ಹತ್ತು ವರ್ಷದ ಮಕ್ಕಳ ಆಟದಲ್ಲೇ ಪ್ರೇಮದ ಕಣ್ಣು ತುರುಕುವ ಬರಹ ನನಗೆ ಆಗುವುದಿಲ್ಲ. ಮಕ್ಕಳನ್ನು ಮಕ್ಕಳಾಗೇ ಇರಲು ಬಿಡಿ ಮಾರಾಯ್ರೇ.

ಇನ್ನು ‘ನಿಷಿದ್ಧ’ ಅನ್ನುವುದಕ್ಕೆ ಬರೋಣ. ಕಂತುಗಳಲ್ಲಿ ಅದಕ್ಕೊಂದು ಸಿದ್ಧ ಅಪ್ಪ ಇದ್ದಾನೆ. ಮೀಸೆ, ಬೆಳ್ಳಿ ಕಡಗ, ‘ನನ್ನ ಹೆಣದ ಮೇಲೆ’ ಅನ್ನುವ ಡೈಲಾಗು. ಅಂಥವನನ್ನು ಎದುರಿಸುವುದು ಏನು ಮಹಾ? ಓದುಗರಿಗೆ ಮೊದಲ ದಿನದಿಂದಲೇ ಅವನನ್ನು ಕಂಡರೆ ಆಗುವುದಿಲ್ಲ.

ನಮ್ಮಲ್ಲಿ ಅಡ್ಡಿ ಬರುವ ರೀತಿಯೇ ಬೇರೆ. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ ಬಳಿ ನೋಡುತ್ತಾರೆ. ಬಳಿ ಅಂದರೆ ತಾಯಿಯಿಂದ ಬರುವ ಕುಲ. ಒಂದೇ ಬಳಿ ಅಂದರೆ ಅಣ್ಣ-ತಂಗಿ, ಮಾತು ಮುಗಿಯಿತು. ಒಬ್ಬರು ಕುಂದಾಪುರದ ಕಡೆಯವರು, ಇನ್ನೊಬ್ಬರು ಕಾಸರಗೋಡಿನವರು, ಏಳು ತಲೆಮಾರಿಗೂ ನೆಂಟಸ್ತಿಕೆ ಇಲ್ಲ, ಆದರೂ ಆಗುವುದಿಲ್ಲ. ಅದೇ ಸ್ವಂತ ಸೋದರಮಾವನ ಮಗನಾದರೆ ಮನೆಯವರೇ ಚಿಕ್ಕಂದಿನಿಂದ ತಮಾಷೆ ಮಾಡುತ್ತಾರೆ. ಕಾನೂನು ನೋಡಿ, ಪೂರ್ತಿ ಉಲ್ಟಾ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸೋದರಮಾವನ ಮಗ ನಿಷಿದ್ಧ ಸಂಬಂಧ, ರೂಢಿ ಇದ್ದವರಿಗೆ ಮಾತ್ರ ವಿನಾಯಿತಿ. ಗೋತ್ರ ಒಂದೇ ಎಂಬ ಅಡ್ಡಿಯನ್ನು ಕಾನೂನು 1946ರಲ್ಲೇ ತೆಗೆದುಹಾಕಿದೆ. ಒಂದೇ ಬಳಿಯವರು ರಿಜಿಸ್ಟ್ರಾರ್ ಮುಂದೆ ಹೋದರೆ ‘ಬಳಿ ಯಾವುದು’ ಅಂತ ಯಾರೂ ಕೇಳುವುದಿಲ್ಲ. ಅಜ್ಜಿ ಕೇಳುತ್ತಾಳೆ. ಕಾನೂನಿಗೆ ಅಡ್ಡಿಯಿಲ್ಲದ ಪ್ರೀತಿಗೆ ಅಜ್ಜಿ ಅಡ್ಡ ನಿಂತರೆ ಯಾವ ಕೋರ್ಟಿಗೆ ಹೋಗುವುದು? ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಆಫೀಸಿನ ಗೋಡೆಗೆ ಹಚ್ಚುತ್ತಾರೆ. ಈ ಊರಿನಲ್ಲಿ ನಮ್ಮವರ ಕಣ್ಣಿಗೆ ಬೀಳದ ಗೋಡೆ ಯಾವುದು?

ಇಬ್ಬರು ಹುಡುಗಿಯರ ಪ್ರೀತಿಯಾದರೆ ಇನ್ನೂ ನಿಧಾನ. ಒಂದೇ ಚಾಪೆಯಲ್ಲಿ ಮಲಗಿದರೂ ಯಾರೂ ಕಾವಲು ಕಾಯುವುದಿಲ್ಲ. ಬೇಡ ಅನ್ನಲಿಕ್ಕೂ ಮನೆಯವರಿಗೆ ಅದು ಹೊಳೆದಿರುವುದಿಲ್ಲ. ಆ ಕಾದಂಬರಿಯನ್ನು ಯಾರಾದರೂ ಬರೆಯಲಿ ಅಂತ ಕಾಯುತ್ತಿದ್ದೇನೆ.

ನನ್ನ ಮುಖ್ಯ ಮಾತು ಏನೆಂದರೆ, ಇಂಥ ಕಥೆಯಲ್ಲಿ ಅಡ್ಡ ನಿಲ್ಲುವವರು ಇಬ್ಬರಿಗೂ ಅನ್ನ ಹಾಕಿದವರಾಗಿರಬೇಕು. ಬ್ರಿಟಿಷರ ಕಾಲದಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳ್‌ನ ಕೋಣೆ ಅಂದರೆ 160 ಚದರಡಿ, ಮಹಡಿಗೆ 20 ಕೋಣೆ, ಶೌಚಾಲಯ ಎಲ್ಲರಿಗೂ ಸೇರಿ. ಬೇರೆ ಚಾಳ್‌ಗಳೂ ಹೆಚ್ಚುಕಮ್ಮಿ ಹಾಗೇ. ಅಲ್ಲಿ ಮಕ್ಕಳು ಯಾರ ಮನೆಯಲ್ಲಿ ಬೇಕಾದರೂ ಉಣ್ಣುತ್ತಾರೆ. ಅವಳಮ್ಮನನ್ನು ಅವನು ಚಿಕ್ಕಮ್ಮ ಅಂತಲೇ ಕರೆಯುವುದು. ಅವನಿಗೆ ಟೈಫಾಯಿಡ್ ಬಂದಾಗ ಗಂಜಿ ಕುಡಿಸಿದವರು ಆ ಚಿಕ್ಕಮ್ಮನೇ. ಈಗ ಅವರ ಎದುರು ನಿಂತು ‘ನಿಮ್ಮ ಮಗಳು ಬೇಕು’ ಅನ್ನಬೇಕು. ಕಡಗದ ಅಪ್ಪನಿಗೆ ಹೇಳುವುದು ಇದಕ್ಕಿಂತ ಸಾವಿರ ಪಾಲು ಸುಲಭ.

ಇನ್ನೊಂದು ಗಮನಿಸಿದ್ದೇನೆ. ಇಂಥ ಪ್ರೀತಿ ಮೊದಲು ಗೊತ್ತಾಗುವುದು ಅಮ್ಮನಿಗೆ. ಆ ಇಬ್ಬರಿಗೂ ಗೊತ್ತಾಗುವ ಮೊದಲೇ.

ನಮ್ಮ ಗ್ಯಾಲರಿಯಲ್ಲಿ ನನಗಿಂತ ದೊಡ್ಡ ಒಬ್ಬರು ಅಕ್ಕ ಇದ್ದರು. ಊರಿನಲ್ಲಿ ನಮಗೆ ರಾಖಿ ಗೊತ್ತಿರಲಿಲ್ಲ, ಇಲ್ಲಿನ ಮರಾಠಿ ಮನೆಗಳಿಂದ ಕಲಿತದ್ದು. ಅದೇ ಹುಣ್ಣಿಮೆಗೆ ಇಲ್ಲಿನ ಕೋಳಿ ಜಾತಿಯ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ನಾರಳಿ ಪೂರ್ಣಿಮೆ. ಪ್ರತಿ ವರ್ಷ ಆ ಅಕ್ಕ ಗ್ಯಾಲರಿಯ ಎಲ್ಲ ಹುಡುಗರಿಗೂ ರಾಖಿ ಕಟ್ಟುತ್ತಿದ್ದರು. ಬಿಕಾಂ ಕೊನೆಯ ವರ್ಷ ಎಲ್ಲರಿಗೂ ಕಟ್ಟಿಯಾದ ಮೇಲೆ ತಟ್ಟೆಯಲ್ಲಿ ಒಂದು ಉಳಿಯಿತು. ‘ಎದುರು ಮನೆಯವನಿಗೆ ಕಟ್ಟಲಿಲ್ವಲ್ಲೇ?’ ಅಂತ ಅವರಮ್ಮ ಕೇಳಿದರು. ‘ಅವನು ಡ್ಯೂಟಿಗೆ ಹೋಗಿದ್ದಾನಮ್ಮ, ಬಂದ ಮೇಲೆ ಕಟ್ತೇನೆ.’ ಆ ರಾಖಿ ಕ್ಯಾಲೆಂಡರಿನ ಮೊಳೆಗೆ ನೇತುಬಿತ್ತು. ಕೆಂಪು ದಾರ, ನಡುವೆ ಸ್ಪಂಜಿನ ಹೂ, ಮೇಲೆ ಚಿಟಿಕೆ ಜರಿ. ಅವನು ದಿನಾ ಅದೇ ಬಾಗಿಲ ಮುಂದೆ ಓಡಾಡುತ್ತಿದ್ದ. ಚೌತಿಗೆ ಮನೆ ಗುಡಿಸುವಾಗ ಅವರಮ್ಮ ಅದನ್ನು ಮೊಳೆಯಿಂದ ತೆಗೆದು, ಒಂದು ಮಾತೂ ಆಡದೆ ಅಕ್ಕಿ ಡಬ್ಬದ ಹಿಂದೆ ಇಟ್ಟರು. ನಾನು ಅಲ್ಲೇ ಪರಕೆ ಹಿಡಿದುಕೊಂಡು ನಿಂತಿದ್ದೆ. ಆ ಇಬ್ಬರ ಮುಂದಿನ ಕಥೆ ಅವರದು, ಇಲ್ಲಿ ಬೇಡ. ನನ್ನ ತಲೆಯಲ್ಲಿ ಉಳಿದದ್ದು ಆ ಅಮ್ಮ. ಮಗಳನ್ನು ಕೂರಿಸಿ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಈ ಅಮ್ಮನ ಕಡೆಯಿಂದ ಬರೆದ ಒಂದು ಅಧ್ಯಾಯವೂ ನನಗೆ ಸಿಕ್ಕಿಲ್ಲ. ಎಲ್ಲವೂ ಅವನ ಎದೆ, ಅವಳ ಎದೆ.

ಮುಕ್ತಾಯಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ಒಂದೋ ಓಡಿಹೋಗುತ್ತಾರೆ, ಇಲ್ಲ ಒಬ್ಬರು ಸಾಯುತ್ತಾರೆ. ಕ್ಯಾನ್ಸರ್ ಆದರೂ ಆದೀತು, ಒಟ್ಟು ಸಾಯಬೇಕು. ನಿಜವಾದ ಮನೆಗಳಲ್ಲಿ ಓಡಿಹೋದ ಮರುದಿನ ಕಥೆ ಶುರುವಾಗುತ್ತದೆ. ಮನೆಯಲ್ಲಿ ಇನ್ನೊಬ್ಬಳು ತಂಗಿ ಇರುತ್ತಾಳಲ್ಲ, ‘ನಾಳೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ’ ಎಂದು ಅಕ್ಕನನ್ನು ಹೆದರಿಸಲು ಬಳಸಿದ್ದು ಇವಳನ್ನೇ. ಅಕ್ಕ ಹೋದ ಮೇಲೆ ಬಂದ ಸಂಬಂಧ ಒಂದೊಂದೇ ತಪ್ಪುತ್ತದೆ. ಅವಳ ಮೊಬೈಲು ಅಪ್ಪನ ಕೈ ಸೇರುತ್ತದೆ. ಅವಳಿಗೆ ಅಕ್ಕನ ಮೇಲೆ ಕೋಪವೋ, ಹೊಟ್ಟೆಕಿಚ್ಚೋ, ಎರಡೂ ಇದ್ದೀತು. ಕಾದಂಬರಿಗಳು ಅವಳನ್ನು ಮದುವೆ ಮನೆಯಲ್ಲಿ ಲಾಡು ಹಂಚಲು ಬಿಟ್ಟು ಹೊರಟುಬಿಡುತ್ತವೆ.

ಆ ತಂಗಿಗೆ ನಾಲ್ಕು ಅಧ್ಯಾಯ ಕೊಟ್ಟ ಕನ್ನಡ ಕಾದಂಬರಿ ಯಾರಾದರೂ ಓದಿದ್ದರೆ ಹೆಸರು ಹೇಳಿ. ಪುಸ್ತಕವಾದರೂ ಸರಿ, ಮೊಬೈಲಿನ ಕಂತಾದರೂ ಸರಿ. ಮುಗಿದಿರಬೇಕು ಮಾತ್ರ. 86ನೇ ಕಂತಿಗೆ ತಂದು ‘ಪರೀಕ್ಷೆ ಇದೆ, ಮುಂದಿನ ತಿಂಗಳು ಸಿಗೋಣ’ ಅಂದು ಮಾಯವಾದ ಒಬ್ಬರನ್ನು ಇನ್ನೂ ಕಾಯುತ್ತಿದ್ದೇನೆ.