ಹೆಸರು ಬಂದದ್ದು 17 ವರ್ಷ ತಡವಾಗಿ

'ಇತಿಹಾಸದಲ್ಲಿ ಈ ದಿನ' ಲೇಖನ ಇಷ್ಟವಾಯಿತು. ಆದರೆ 1956ರ ನವೆಂಬರ್ 1ರಂದು 'ಕರ್ನಾಟಕ ಎಂಬ ಹೆಸರಿನಲ್ಲಿ' ರಾಜ್ಯ ಹುಟ್ಟಿತು ಎಂದು ಬರೆದಿದ್ದೀರಿ. ಅದು ತಪ್ಪು. ಅಂದು ನಾಡು ಒಂದಾಯಿತು ನಿಜ, ಹೆಸರು ಮಾತ್ರ ಮೈಸೂರು ಅಂತಲೇ ಉಳಿಯಿತು. ಕರ್ನಾಟಕ ಎಂದಾಗಿದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಅವರ ಕಾಲದಲ್ಲಿ.

ನಮ್ಮದು ಧಾರವಾಡದ ಕಡೆ, ಮೊದಲು ಮುಂಬೈ ಪ್ರಾಂತ್ಯದಲ್ಲಿದ್ದ ಊರು. ಅಪ್ಪನ 1968ರ ಶಾಲೆಯ ವರ್ಗಾವಣೆ ಪತ್ರ ಇನ್ನೂ ಟ್ರಂಕಿನಲ್ಲಿದೆ. ಮಡಚಿದ ಕಡೆಯೆಲ್ಲ ಹರಿದಿದೆ, ಮೇಲ್ಗಡೆ 'ಮೈಸೂರು ರಾಜ್ಯ' ಅಂತ ಸ್ಪಷ್ಟವಾಗಿ ಓದಬಹುದು. ಅದನ್ನು ತೋರಿಸುವಾಗ ಅಪ್ಪ ಪ್ರತಿ ಸಲ ಹೇಳುತ್ತಿದ್ದರು, 'ನಾವು ಮೈಸೂರನ್ನು ನೋಡಿಯೇ ಇರಲಿಲ್ಲ' ಅಂತ. ನಮ್ಮ ಕಡೆಯವರಿಗೆ, ಹೈದರಾಬಾದಿನಿಂದ ಬಂದ ಕಲಬುರಗಿ, ರಾಯಚೂರಿನವರಿಗೆ ಆ ಹೆಸರು ತಮ್ಮದು ಅನ್ನಿಸಲೇ ಇಲ್ಲ.

ಇದು ಸುಮ್ನೆ ತಾರೀಖಿನ ವಿಷಯ ಅಲ್ಲ. ಏಕೀಕರಣಕ್ಕಾಗಿ ಬದುಕನ್ನೇ ಕೊಟ್ಟ ಆಲೂರು ವೆಂಕಟರಾಯರು ತೀರಿಕೊಂಡಿದ್ದು 1964ರಲ್ಲಿ. ನಾಡು ಒಂದಾದದ್ದನ್ನು ಅವರು ಕಂಡರು, ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದನ್ನು ಕಾಣಲಿಲ್ಲ. ಎರಡು ನವೆಂಬರ್‌ಗಳನ್ನು ಒಂದೇ ಸಾಲಿಗೆ ಸೇರಿಸಿದರೆ ಆ 17 ವರ್ಷಗಳೇ ಮಾಯ, ಅಲ್ವಾ? ದಯವಿಟ್ಟು ಆ ಸಾಲನ್ನು ತಿದ್ದಿ.