ಪ್ರೊಬೇಷನ್‌ನಲ್ಲಿಯೂ ನೋಟಿಸ್ ಅನ್ವಯಿಸುತ್ತದೆ

ಪ್ರೊಬೇಷನ್, ಅಂದರೆ ಕೆಲಸ ಖಾಯಂ ಆಗುವ ಮುನ್ನದ ಪರೀಕ್ಷಾ ಅವಧಿಯಲ್ಲಿರುವವರು ಯಾವ ದಿನ ಬೇಕಾದರೂ ರಾಜೀನಾಮೆ ಕೊಟ್ಟು ಹೊರಡಬಹುದು ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಆ ಮಾತನ್ನು ನಾನು ಒಪ್ಪಲಾರೆ. ಈ ಅವಧಿಯಲ್ಲಿ ನೋಟಿಸ್, ಅಂದರೆ ಕೆಲಸ ಬಿಡುವುದಕ್ಕೆ ಇಷ್ಟು ದಿನ ಮೊದಲೇ ತಿಳಿಸಬೇಕೆಂಬ ಅವಧಿ, ಸಾಮಾನ್ಯವಾಗಿ ಕಡಿಮೆ ಇರುತ್ತದೆ ಎಂಬುದು ನಿಜ. ಆದರೆ ಅದು ಎಷ್ಟು ದಿನ ಎಂಬುದನ್ನು ನಿರ್ಧರಿಸುವುದು ನಾವು ಸಹಿ ಹಾಕಿದ ನೇಮಕಾತಿ ಪತ್ರ ಮತ್ತು ಅಲ್ಲಿ ಅನ್ವಯಿಸುವ ಕಾರ್ಮಿಕ ಕಾನೂನೇ ಹೊರತು ಸಹೋದ್ಯೋಗಿಗಳ ಭರವಸೆಯಲ್ಲ.

ಲೇಖನ ಮುಟ್ಟದೆ ಬಿಟ್ಟಿರುವ ಮುಖ್ಯ ಪ್ರಶ್ನೆ, ಪ್ರೊಬೇಷನ್ ನಿಜಕ್ಕೂ ಯಾವಾಗ ಮುಗಿಯುತ್ತದೆ ಎಂಬುದು. ಪತ್ರದಲ್ಲಿ 6 ತಿಂಗಳು ಎಂದಿದ್ದರೂ, ಕೆಲವು ಒಪ್ಪಂದಗಳ ಪ್ರಕಾರ ಖಾಯಮಾತಿ ಆದೇಶ ಲಿಖಿತವಾಗಿ ಕೈಸೇರುವವರೆಗೆ ಅದು ಮುಂದುವರಿಯುತ್ತದೆ. ಇನ್ನು ಕೆಲವದರಲ್ಲಿ ಅವಧಿ ಮುಗಿದೊಡನೆ ನೌಕರರು ತಾವಾಗಿಯೇ ಖಾಯಂ ಆಗುತ್ತಾರೆ, ಆಗ ಒಂದೇ ವಾರ ತಡವಾಗಿ ಕೊಟ್ಟ ರಾಜೀನಾಮೆಗೂ 15 ದಿನದ ಬದಲು 60 ಅಥವಾ 90 ದಿನದ ನೋಟಿಸ್ ಅನ್ವಯಿಸಬಹುದು. ನೋಟಿಸ್‌ಗೆ ಬದಲಾಗಿ ಹಣ ಕಟ್ಟುವ ಅವಕಾಶವಿದ್ದರೆ, ಅದನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೆಯೇ ಪೂರ್ತಿ ಸಂಬಳದ ಮೇಲೆಯೇ, ಅದಕ್ಕೆ ಸಂಸ್ಥೆಯ ಒಪ್ಪಿಗೆ ಬೇಕೇ ಎಂಬುದನ್ನೂ ಓದಿಕೊಳ್ಳಬೇಕು. ತರಬೇತಿ ಬಾಂಡ್ (ತರಬೇತಿಯ ಬಳಿಕ ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದ್ದರೆ ಅದು ಬೇರೆಯೇ ವಿಷಯ.

ನನಗೆ ಹೆಚ್ಚು ಕಳವಳ ತರುವುದು, ಹೊಸದಾಗಿ ಕೆಲಸಕ್ಕೆ ಸೇರಿದವರು ಮೇಲಧಿಕಾರಿಗೆ ಹೇಳಲು ಹೆದರಿ ಸುಮ್ಮನೆ ಗೈರುಹಾಜರಾಗುವುದು. ಅದನ್ನು ರಾಜೀನಾಮೆಯೆಂದಲ್ಲ, ಕೆಲಸ ತೊರೆದು ಹೋಗಿದ್ದೆಂದು ಸಂಸ್ಥೆ ದಾಖಲಿಸಬಹುದು. ಆಗ ಬಾಕಿ ವೇತನಕ್ಕೂ ಬಿಡುಗಡೆ ಪತ್ರಕ್ಕೂ ತೊಡಕಾಗುತ್ತದೆ. ಕೊನೆಯ ಕೆಲಸದ ದಿನಾಂಕವನ್ನು ನಮೂದಿಸಿ ಇಮೇಲ್‌ನಲ್ಲಿ ರಾಜೀನಾಮೆ ಕಳುಹಿಸಿ, ಅಂಗೀಕಾರವನ್ನೂ ನೋಟಿಸ್ ಕಡಿತಕ್ಕೆ ಸಿಕ್ಕ ಒಪ್ಪಿಗೆಯನ್ನೂ ಬರಹದಲ್ಲಿಯೇ ಪಡೆದುಕೊಳ್ಳಬೇಕು.