ಕಮಿಷನ್ ಕೊಡೋಣ, ಆದರೆ ಯಾವ ಕೆಲಸಕ್ಕೆ?

ಏರಿಯಾದ ಬ್ರೋಕರ್‌ಗಳನ್ನು ಬೈಯುವುದು ಸುಲಭ. ಬಾಡಿಗೆ ಮನೆಗೆ ಒಂದು ತಿಂಗಳ ಬಾಡಿಗೆ, ಮಾರಾಟಕ್ಕೆ ಎರಡೂ ಕಡೆಯಿಂದ ಶೇ 1 ಅಥವಾ 2. ಇಷ್ಟು ದುಡ್ಡಿಗೆ ಬೀಗ ತೆಗೆದು ಮನೆ ತೋರಿಸಿದ್ದು ಬಿಟ್ಟರೆ ಇವರು ಮಾಡಿದ್ದಾದರೂ ಏನು ಎಂಬ ಮಾತು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಿವಿಗೆ ಬೀಳುತ್ತದೆ. ಕಮಿಷನ್ ಜಾಸ್ತಿ ಎಂಬ ದೂರು ನನ್ನದಲ್ಲ. ಆ ದುಡ್ಡು ಯಾವ ಕೆಲಸಕ್ಕೆ ಅಂತ ಕೊಡುವವರೂ ಕೇಳುವುದಿಲ್ಲ, ತೆಗೆದುಕೊಳ್ಳುವವರೂ ಹೇಳುವುದಿಲ್ಲ. ತಕರಾರು ಅಲ್ಲಿ.

ಲೆಕ್ಕ ಹಾಕಿ ನೋಡಿ. 80 ಲಕ್ಷದ ಮನೆಗೆ ಶೇ 1 ಅಂದರೆ 80,000 ರೂಪಾಯಿ. ಮಾಲೀಕರ ಪರ ಹಟ ಹಿಡಿದು ಬೆಲೆಯನ್ನು 82 ಲಕ್ಷಕ್ಕೆ ಏರಿಸಿದರೆ ಬ್ರೋಕರ್‌ಗೆ ಹೆಚ್ಚಿಗೆ ಸಿಗುವುದು 2,000. ಅದೇ ಹಟದಲ್ಲಿ ಪಾರ್ಟಿ ಕೈಬಿಟ್ಟು ಹೋದರೆ ಹೋಗುವುದು ಪೂರ್ತಿ 80,000. ಹಾಗಾಗಿ ಅವರಿಗೆ ಬೇಕಿರುವುದು ವ್ಯವಹಾರ ಬೇಗ ಮುಗಿಯುವುದು. ಬಾಡಿಗೆಯಲ್ಲಿ ಇನ್ನೂ ವಿಚಿತ್ರ. ಒಂದೇ ಸಂಸಾರ ಒಂದೇ ಮನೆಯಲ್ಲಿ ಆರು ವರ್ಷ ಸುಖವಾಗಿದ್ದರೆ ಬ್ರೋಕರ್‌ಗೆ ಒಂದೇ ಕಮಿಷನ್. 11 ತಿಂಗಳಿಗೊಮ್ಮೆ ಖಾಲಿಯಾದರೆ ಆರೇಳು ಸಲ. ಮನುಷ್ಯ ಒಳ್ಳೆಯವನೇ ಇರಬಹುದು, ದುಡ್ಡು ಬರುವ ದಾರಿ ಮಾತ್ರ ನಿಮ್ಮ ಒಳಿತಿಗೆ ಅಡ್ಡಲಾಗಿದೆ.

ಹಾಗಂತ ಬ್ರೋಕರ್ ಕಚೇರಿಯೇ ಬೇಡವೇ? ಬೇಕು. ಮೊಬೈಲ್ ಆ್ಯಪ್‌ನಲ್ಲಿ ಕಾಣುವುದು ಟೈಲ್ಸ್, ವಾರ್ಡ್‌ರೋಬ್ ಮತ್ತು ಬಿಸಿಲಿನ ಫೋಟೋ. ಕಟ್ಟಡದ ಸಂಪು ಎಷ್ಟು ಲೀಟರಿನದು, ಕಾವೇರಿ ನೀರು ಯಾವ ದಿನ ಬರುತ್ತದೆ, ಮಳೆ ಬಂದರೆ ಮೊದಲು ನೀರು ನಿಲ್ಲುವ ಕ್ರಾಸ್ ಯಾವುದು, ಯಾವ ಓನರ್ ಅಡ್ವಾನ್ಸ್ ವಾಪಸ್ ಕೊಡುವಾಗ ಕಾಡಿಸುತ್ತಾರೆ, ಯಾವ ಸೈಟಿನ ಮೇಲೆ ಅಣ್ಣತಮ್ಮಂದಿರ ಕೇಸಿದೆ ಎಂಬುದೆಲ್ಲ ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಮಾತ್ರ ಗೊತ್ತು. ಕಮಿಷನ್ ಸಲ್ಲಬೇಕಾದ್ದು ಈ ತಿಳಿವಳಿಕೆಗೆ. ಆದರೆ ಹೆಚ್ಚಿನ ಸಲ ಬ್ರೋಕರ್ ನುಂಗಿಕೊಳ್ಳುವುದೂ ಇದನ್ನೇ, ಯಾಕೆಂದರೆ ಪೂರ್ತಿ ಹೇಳಿದರೆ ಮನೆ ಹೋಗುವುದಿಲ್ಲ.

ನೀರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆಗೆ ಬಳಸುವ ಮಾನದಂಡ. ಆರು ಮನೆಗಳ ಕಟ್ಟಡದಲ್ಲಿ ಮನೆಗೆ ನಾಲ್ಕು ಜನರೆಂದರೆ 24 ಜನ, ದಿನಕ್ಕೆ 3,240 ಲೀಟರ್. ಸಂಪು 6,000 ಲೀಟರಿನದಾದರೆ ತುಂಬಿದ ಸಂಪು ಎರಡು ದಿನವೂ ಪೂರ್ತಿ ಬಾಳುವುದಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ರಸ್ತೆಯಲ್ಲಿ ಒಂದು ಸರದಿ ತಪ್ಪಿದರೆ ಟ್ಯಾಂಕರ್ ಬರಲೇಬೇಕು. ಅದರ ದುಡ್ಡು ಯಾರು ಕೊಡಬೇಕು, ಬಾಡಿಗೆಯಲ್ಲೇ ಸೇರಿದೆಯೋ, ಮನೆಗಳ ಲೆಕ್ಕಕ್ಕೋ ತಲೆ ಲೆಕ್ಕಕ್ಕೋ ಎಂಬುದು ಕರಾರಿನಲ್ಲಿ ಇಲ್ಲದಿದ್ದರೆ ಏಪ್ರಿಲ್ ತಿಂಗಳಲ್ಲಿ ಮೆಟ್ಟಿಲ ಮೇಲೆ ಜಗಳ ಖಾತ್ರಿ. 'ನೀರಿನ ಸಮಸ್ಯೆ ಇಲ್ಲ ಸಾರ್' ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಮೂರೇ: ಸಂಪು ಎಷ್ಟು ಲೀಟರ್, ಬೋರ್‌ವೆಲ್ ಇದೆಯೇ, ಹೋದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು. ಮೂರಕ್ಕೂ ಸರಿ ಉತ್ತರ ಸಿಕ್ಕರೆ ಅರ್ಧ ಕಮಿಷನ್ ಅಲ್ಲೇ ಸಂದಾಯವಾದಂತೆ.

ಕರೆಂಟ್ ವಿಚಾರದಲ್ಲಿ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ, ಓನರ್ ಹಾಕಿಸಿದ ಸಬ್‌ಮೀಟರೇ ಎಂದು ನೋಡಿ. ಪ್ರತ್ಯೇಕ ಮೀಟರ್ ಇದ್ದರೂ ಅದರ ಆರ್‌ಆರ್ ನಂಬರ್‌ಗೆ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಬರುವುದಿಲ್ಲ. ಮೊದಲು ಅವರದು ಬಿಡಿಸಬೇಕು, ಆಮೇಲೆ ನಿಮ್ಮದು ಸೇರಿಸಬೇಕು. ಕೀಲಿ ಕೊಡುವ ಮೊದಲೇ ಬ್ರೋಕರ್ ಮಾಡಿಸಬಹುದಾದ ಕೆಲಸ ಇದು. ಹತ್ತರಲ್ಲಿ ಒಬ್ಬರೂ ಮಾಡಿಸುವುದಿಲ್ಲ.

ಕರಾರು 11 ತಿಂಗಳಿಗೇ ಯಾಕೆ ಎಂದು ಬಹಳ ಜನ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ, ಅಷ್ಟೇ. ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ಸಿಗುವ ಸಿದ್ಧ ಕರಾರಿನಲ್ಲಿ ಎಲ್ಲ ಇರುತ್ತದೆ, ಜಗಳಕ್ಕೆ ಬರುವ ಸಂಗತಿಗಳನ್ನು ಬಿಟ್ಟು. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು 'ಒಂದು ತಿಂಗಳ ಬಾಡಿಗೆ' ಅಂತ ಬಿಡದೆ ಅಂಕಿಯಲ್ಲೇ ಬರೆಸಿ, ಏಕೆಂದರೆ ಮೂರು ವರ್ಷದ ನಂತರದ ಬಾಡಿಗೆ ಬೇರೆ ಇರುತ್ತದೆ. ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ಅಡ್ವಾನ್ಸ್ ವಾಪಸ್ ಕೀಲಿ ಕೊಟ್ಟ ದಿನವೋ ಹೊಸಬರು ಬಂದ ಮೇಲೋ. ಈ ಕೊನೆಯದರಲ್ಲೇ ಸಿಕ್ಕಿಬೀಳುವವರು ಹೆಚ್ಚು. ಹೊಸ ಬಾಡಿಗೆದಾರರ ಅಡ್ವಾನ್ಸ್‌ನಿಂದ ಹಳಬರಿಗೆ ಕೊಡುವುದು ಅನೇಕ ಓನರ್‌ಗಳ ಪದ್ಧತಿ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ನಿಮ್ಮ ದುಡ್ಡೂ ಎರಡು ತಿಂಗಳು ಬಿದ್ದಿರುತ್ತದೆ.

ಭೋಗ್ಯದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ. ಲೀಸ್ ಅಂತ ಕರೆಯುವ ಈ ವ್ಯವಸ್ಥೆಯಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುತ್ತೀರಿ. ಕೆಡುವುದು ಎರಡು ರೀತಿಯಲ್ಲಿ. ಒಂದು, ಮನೆ ಮೇಲೆ ಮೊದಲೇ ಬ್ಯಾಂಕ್ ಸಾಲವಿರುತ್ತದೆ. ಓನರ್ ಕಂತು ನಿಲ್ಲಿಸಿದರೆ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ನೋಂದಣಿಯಾಗದ ನಿಮ್ಮ ಭೋಗ್ಯಪತ್ರಕ್ಕೆ ಆಗ ಬೆಲೆ ಬಹಳ ಕಡಿಮೆ. ಎರಡನೆಯದು ಇನ್ನೂ ಕೆಟ್ಟದ್ದು. ಮಧ್ಯವರ್ತಿ ಓನರ್ ಹತ್ತಿರ ತಿಂಗಳ ಬಾಡಿಗೆಗೆ ಅಂತ ಮನೆ ಹಿಡಿದು, ನಿಮ್ಮಿಂದ ಲೀಸ್ ಲೆಕ್ಕದಲ್ಲಿ ಪೂರ್ತಿ ದುಡ್ಡು ತೆಗೆದುಕೊಳ್ಳುತ್ತಾನೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಒಂದು ದಿನ ಕಚೇರಿಗೆ ಬೀಗ ಹಾಕುತ್ತಾನೆ. ಓನರ್ ಬಾಗಿಲಿಗೆ ಬಂದು ಬಾಡಿಗೆ ಕೇಳಿದಾಗಲೇ ನಿಮಗೆ ವಿಷಯ ತಿಳಿಯುವುದು. ಇದರಿಂದ ತಪ್ಪಿಸಿಕೊಳ್ಳಲು ಕಂದಾಯ ರಸೀದಿಯಲ್ಲಿ ಇರುವ ಹೆಸರಿನ ವ್ಯಕ್ತಿಯನ್ನೇ ಎದುರು ಕೂರಿಸಿಕೊಳ್ಳಿ. ಅವರ ಆಧಾರ್ ನೋಡಿ, ಅವರ ಖಾತೆಗೇ ದುಡ್ಡು ಹಾಕಿ, ಇಸಿ (ಋಣಭಾರ ಪತ್ರ) ತೆಗೆಸಿ, ಭೋಗ್ಯಪತ್ರವನ್ನು ನೋಂದಣಿ ಮಾಡಿಸಿ. 'ಓನರ್ ಅಮೆರಿಕದಲ್ಲಿದ್ದಾರೆ, ಎಲ್ಲ ನಾವೇ ನೋಡಿಕೊಳ್ಳುವುದು' ಎಂದರೆ ಜಿಪಿಎ (ಓನರ್ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಎಲ್ಲಿದೆ, ಅದರಲ್ಲಿ ಭೋಗ್ಯಕ್ಕೆ ಕೊಡುವ ಅಧಿಕಾರ ಬರೆದಿದೆಯೇ ಎಂದು ಓದಿ ನೋಡಿ. ಒಂದು ವಿಡಿಯೋ ಕಾಲ್‌ಗೂ ಓನರ್ ಸಿಗದಿದ್ದರೆ ಎದ್ದು ಬನ್ನಿ.

ಮಾರಾಟದಲ್ಲಿ ಬ್ರೋಕರ್ ಕೈಗಿಡುವ ಮೊದಲ ಕಾಗದ ಇಸಿ. ಫಾರಂ 15 ಅಂದರೆ ಆ ಅವಧಿಯಲ್ಲಿ ನಡೆದ ನೋಂದಾಯಿತ ವ್ಯವಹಾರಗಳ ಪಟ್ಟಿ. ಫಾರಂ 16 ಅಂದರೆ ಏನೂ ನಡೆದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭಕ್ಕೆ ಸಿಗುವುದು 2004ರ ನಂತರದ್ದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು, ಆದ್ದರಿಂದಲೇ ಆ ಭಾಗವನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ. ಮೂವತ್ತು ವರ್ಷದ್ದು ಕೇಳಿ. ಅದು ಕೈಗೆ ಬಂದ ಮೇಲೂ ಇಸಿಯಲ್ಲಿ ಕಾಣದ ಸಂಗತಿಗಳು ಬೇಕಾದಷ್ಟಿವೆ: ನೋಂದಣಿಯಾಗದ ಅಗ್ರಿಮೆಂಟ್, ಬಾಯಿಮಾತಿನ ಪಾಲು, ನಡೆಯುತ್ತಿರುವ ಕೋರ್ಟ್ ಕೇಸು, ಮೂಲ ಪತ್ರ ಅಡವಿಟ್ಟು ಕೈಸಾಲ ತಂದದ್ದು. ಅದಕ್ಕೇ ಜೆರಾಕ್ಸ್ ನೋಡಿ ಟೋಕನ್ ಕೊಡಬಾರದು. ಒರಿಜಿನಲ್ ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ವ್ಯವಹಾರಗಳು ಅಲ್ಲೇ ತಣ್ಣಗಾಗುತ್ತವೆ.

ಪಿತ್ರಾರ್ಜಿತವಾದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳನ್ನು ಎಣಿಸಿ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರಿಂದಲೂ ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಹಕ್ಕು. 'ಅವರ ಮದುವೆ ಆಗಿ ಎಷ್ಟೋ ವರ್ಷ ಆಯ್ತು, ಅವರೇನೂ ಕೇಳಲ್ಲ' ಎಂಬ ಬ್ರೋಕರ್ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕ್ರಯಪತ್ರಕ್ಕೆ ಅವರ ಸಹಿ ಬೇಕು. ಖಾತೆ ಇದೆ ಎಂದಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ, ಅದು ತೆರಿಗೆ ಲೆಕ್ಕದ ದಾಖಲೆ. ಹಾಗೆಯೇ ಜಿಪಿಎ ಮೇಲೆ ಮಾರಾಟ ಮಾಡಿದರೆ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಊರಂಚಿನ ಪಂಚಾಯಿತಿ ಸೈಟುಗಳಲ್ಲಿ ದಾಖಲೆ 11ಎಯೋ (ನಿಯಮಬದ್ಧ ಆಸ್ತಿಯದು) 11ಬಿಯೋ (ನಿಯಮಬದ್ಧವಲ್ಲದ್ದು) ಎಂದು ಕೇಳದೆ ಮುಂದೆ ಹೋಗಬೇಡಿ. ಮೂಲ ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದು, ಸರ್ಕಾರದ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಎಷ್ಟು ಕೈ ದಾಟಿದ ಮೇಲೂ ಬೆನ್ನು ಬಿಡುವುದಿಲ್ಲ.

ಟೇಪು ಹಿಡಿಯುವುದನ್ನು ಯಾರೂ ಮರೆಯಬಾರದು. 30×40 ಎಂದು ಪತ್ರದಲ್ಲಿರುವ ಸೈಟು ಹಿಂಬದಿಯಲ್ಲಿ 28 ಅಡಿಯೇ ಇದ್ದರೆ ಸರಾಸರಿ ಅಗಲ 29, ವಿಸ್ತೀರ್ಣ 1,160 ಚದರಡಿ. ಅಡಿಗೆ 8,000 ಎಂದಿಟ್ಟುಕೊಂಡರೂ ಕಡಿಮೆ ಬಿದ್ದ 40 ಚದರಡಿಗೆ 3,20,000 ರೂಪಾಯಿ ಗಾಳಿಗೆ ಕೊಟ್ಟಂತೆ. ನಾಲ್ಕೂ ಬದಿ ಅಳೆದು ಚಕ್ಕುಬಂದಿ ತಾಳೆ ನೋಡುವುದು ಅರ್ಧ ಗಂಟೆಯ ಕೆಲಸ.

ಖರ್ಚಿನ ಪಟ್ಟಿಯನ್ನೂ ಮೊದಲೇ ಕೊಡಬೇಕು. ನಗರದಲ್ಲಿ 80 ಲಕ್ಷದ ವ್ಯವಹಾರಕ್ಕೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4,00,000. ಆ ಶುಲ್ಕದ ಮೇಲೆ ಶೇ 10 ಸೆಸ್ 40,000, ಶೇ 2 ಸರ್ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2, ಹಾಗಾಗಿ 1,60,000. ಒಟ್ಟು 6,08,000. ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. 50 ಲಕ್ಷ ಮುಟ್ಟಿದ ವ್ಯವಹಾರದಲ್ಲಿ ಕೊಳ್ಳುವವರು ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ಎನ್‌ಆರ್‌ಐ ಆಗಿದ್ದರೆ ಈ ಶೇ 1 ನಡೆಯುವುದಿಲ್ಲ, ದರವೂ ವಿಧಾನವೂ ಬೇರೆ. ಇನ್ನು 'ಪತ್ರದಲ್ಲಿ ಕಡಿಮೆ ತೋರಿಸೋಣ, ಮಿಕ್ಕಿದ್ದು ಕ್ಯಾಶ್' ಎಂಬ ಸಲಹೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆಮೇಲೆ ನೀವು ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆಯೂ ನಿಮಗೇ. ಸಲಹೆ ಕೊಟ್ಟವರು ಆ ಹೊತ್ತಿಗೆ ಬೇರೆ ಪಾರ್ಟಿ ಜೊತೆ ಇರುತ್ತಾರೆ.

ಬ್ರೋಕರ್ ಬೋರ್ಡಿನ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದ್ದರೆ ಸಾಕೇ? 2016ರ ಕಾಯ್ದೆ ಪ್ರಕಾರ ನೋಂದಾಯಿತ ಯೋಜನೆಯ ಫ್ಲಾಟು, ಸೈಟು ಮಾರಿಸುವ ಏಜೆಂಟ್ ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ದಿನಕ್ಕೆ 10,000 ದಂಡ, ಮಾರಿದ ಆಸ್ತಿಯ ಬೆಲೆಯ ಶೇ 5ರವರೆಗೆ. ಹಳೆ ಮನೆಯ ಮರುಮಾರಾಟ, ಬಾಡಿಗೆ ಇದರೊಳಗೆ ಬರುವುದಿಲ್ಲ. ಹೊಸ ಫ್ಲಾಟಿಗೆ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂಬುದನ್ನು ಏಜೆಂಟ್ ಬಾಯಿಬಿಟ್ಟು ಹೇಳಿದರೆ ಅವರನ್ನು ನಂಬಬಹುದು.

ಯಾರೂ ಬರೆಯದ ಒಂದು ಕೆಲಸವನ್ನೂ ಈ ಕಚೇರಿಗಳು ಮಾಡುತ್ತವೆ: ರಸ್ತೆಯಲ್ಲಿ ಯಾರು ಇರಬೇಕು, ಯಾರು ಇರಬಾರದು ಎಂದು ಜರಡಿ ಹಿಡಿಯುವುದು. 'ನೀವು ಯಾವ ಜನ?', 'ನಾನ್‌ವೆಜ್ ಮಾಡ್ತೀರಾ?', 'ಬ್ಯಾಚುಲರ್ಸ್‌ಗೆ ಕೊಡಲ್ಲ'. ಓನರ್ ಫೋನಿನಲ್ಲಿ ಹೇಳಿದ್ದನ್ನು ಬ್ರೋಕರ್ ನಯವಾಗಿ ಕೇಳುತ್ತಾರೆ. ಮುಸ್ಲಿಂ ಹೆಸರು ಕೇಳಿದ ಕೂಡಲೇ ಖಾಲಿ ಮನೆ 'ನಿನ್ನೆ ತಾನೇ ಹೋಯ್ತು' ಆಗುತ್ತದೆ. ಕಾಗದದಲ್ಲಿ ಏನೂ ಇರುವುದಿಲ್ಲ. ಜಾತಿಯನ್ನೇ ನೋಡುವ ಓನರ್‌ಗೆ ಯಾವ ಮದ್ದೂ ಇಲ್ಲ, ಅದು ಬೇರೆ ರೋಗ. ಆದರೆ ಬಹಳಷ್ಟು ಓನರ್‌ಗಳ ನಿಜವಾದ ಭಯ ಬಾಡಿಗೆ ನಿಲ್ಲುವುದು, ಖಾಲಿ ಮಾಡದೆ ಕೂರುವುದು, ಮನೆ ಹಾಳಾಗುವುದು. ಇವಕ್ಕೆ ಉಪಾಯವಿದೆ. ಕೆಲಸದ ಗುರುತು, ಹಿಂದಿನ ಓನರ್‌ಗೊಂದು ಫೋನ್, ಸರಿಯಾದ ನೋಟಿಸ್ ಅವಧಿ, ಕೀಲಿ ಕೊಡುವ ದಿನ ಗೋಡೆ, ನಲ್ಲಿ, ಫ್ಯಾನುಗಳ ವಿಡಿಯೋ ಎರಡೂ ಕಡೆಯವರ ಫೋನಿಗೆ. ಇದನ್ನು ಮಾಡಿಸುವ ಬ್ರೋಕರ್ 'ಯಾವ ಜನ' ಎಂದು ಕೇಳಬೇಕಾದ ಅಗತ್ಯವೇ ಇರುವುದಿಲ್ಲ.

ದುಡ್ಡು ಕೊಡುವ ರೀತಿಯನ್ನೂ ಬದಲಿಸಬೇಕು. ಬಾಡಿಗೆಯಾದರೆ ಅರ್ಧ ಕರಾರಿನ ದಿನ, ಉಳಿದರ್ಧ ಮೂರು ತಿಂಗಳಾದ ಮೇಲೆ, ಹೇಳಿದ ನೀರು, ಮೀಟರ್ ಎಲ್ಲ ನಿಜವಾಗಿದ್ದರೆ. ಮಾರಾಟವಾದರೆ ಸ್ವಲ್ಪ ಅಗ್ರಿಮೆಂಟಿಗೆ, ದೊಡ್ಡ ಪಾಲು ನೋಂದಣಿಯ ದಿನ, ಕೊನೆಯ ಕಂತು ಖಾತೆ ನಿಮ್ಮ ಹೆಸರಿಗೆ ಬಂದ ಮೇಲೆ. ಬ್ರೋಕರ್ ಎರಡೂ ಕಡೆ ತೆಗೆದುಕೊಳ್ಳುತ್ತಿದ್ದರೆ ಅದು ಇಬ್ಬರಿಗೂ ಗೊತ್ತಿರಲಿ. 'ಓನರ್‌ಗೆ ನೆಟ್ 75 ಲಕ್ಷ, ಮೇಲಿನದು ನನ್ನದು' ಎಂಬ ಒಳ ಒಪ್ಪಂದ ಇದೆಯೇ ಎಂದು ತಿಳಿಯಲು ಬೆಲೆ ಮಾತುಕತೆಯನ್ನು ಓನರ್ ಎದುರಿಗೇ ಮಾಡಿ.

ಬ್ರೋಕರ್‌ಗಳ ಕಡೆಯಿಂದ ಒಂದು ಉತ್ತರ ಬರುತ್ತದೆ, ಅದು ನ್ಯಾಯವಾದದ್ದೇ. ಹತ್ತು ಮನೆ ತೋರಿಸಿ, ಭಾನುವಾರವೆಲ್ಲ ಪೆಟ್ರೋಲ್ ಸುಟ್ಟ ಮೇಲೆ ಪಾರ್ಟಿ ಹಿಂದಿನಿಂದ ಓನರ್ ನಂಬರ್ ಹಿಡಿದು ಕಮಿಷನ್ ತಪ್ಪಿಸುತ್ತಾರೆ. ಹಾಗಾಗಿ ಮನೆ ತೋರಿಸಲು ಮೊದಲೇ ಸಣ್ಣ ಶುಲ್ಕ ಇಡಲಿ, ವ್ಯವಹಾರವಾದರೆ ಕಮಿಷನ್‌ನಲ್ಲಿ ಕಳೆಯಲಿ, ಎರಡಕ್ಕೂ ರಸೀದಿ ಕೊಡಲಿ. ರಸೀದಿಯಲ್ಲಿ ತೋರಿಸಿದ ಮನೆಗಳ ವಿಳಾಸ, ತಾರೀಖು, ಒಪ್ಪಿಕೊಂಡ ಕಮಿಷನ್, ಮತ್ತು ಅದಕ್ಕೆ ಪ್ರತಿಯಾಗಿ ಮಾಡಿಕೊಡುವ ಕೆಲಸಗಳು: ಇಸಿ, ಅಳತೆ, ಕರಾರು, ಮೀಟರ್, ಖಾತೆ. ಅರ್ಧ ಹಾಳೆ ಸಾಕು, ಇಬ್ಬರ ಸಹಿ ಇದ್ದರೆ.